ಶಾಂತಮೂರ್ತಿಯವರು ಬಿಚ್ಚಿದ ಕೋವಿ

ಕೊಳ್ಳೇಗಾಲದ ರೇಷ್ಮೆ ಮಗ್ಗಗಳ ನೆತ್ತಿಯ ಮೇಲೆ ಜಕಾರ್ಡ್ ಎಂಬ ಪೆಟ್ಟಿಗೆಯೊಂದು ಕೂತಿರುತ್ತದೆ. ರಟ್ಟಿನ ತೂತುಗಳನ್ನು ಓದಿಕೊಂಡು, ಯಾವ ಎಳೆ ಏಳಬೇಕು, ಯಾವ ಎಳೆ ಮಲಗಬೇಕು ಎಂದು ತೀರ್ಮಾನಿಸುವುದು ಅದೇ. ಅದು ಕೆಟ್ಟರೆ ಸೆರಗಿನ ನವಿಲಿಗೆ ಕುತ್ತಿಗೆಯೇ ಇರುವುದಿಲ್ಲ. ಈ ಊರಿನಲ್ಲಿ ಮೂವತ್ತಾರು ವರ್ಷ ನವಿಲಿನ ಕುತ್ತಿಗೆ ಸರಿಮಾಡಿಕೊಂಡು ಬಂದವರು ಶಾಂತಮೂರ್ತಿ. ನಮ್ಮ ಮನೆಯ ಎದುರು ಮನೆಯವರು. ಮಗ್ಗ ಹತ್ತಿ ಇಳಿದು ಮಂಡಿ ಸವೆದ ಮೇಲೆ, ಐವತ್ತೊಂಬತ್ತಕ್ಕೆ ಕೆಲಸ ಬಿಟ್ಟು ಮನೆಯಲ್ಲಿ ಕೂತರು.

ಕೂತರು ಎಂದದ್ದು ತಪ್ಪು. ಮೊದಲ ಎರಡು ತಿಂಗಳಲ್ಲಿ ಮನೆಯ ಫ್ಯಾನುಗಳನ್ನೆಲ್ಲ ಇಳಿಸಿ ಏರಿಸಿದರು. ಆಮೇಲೆ ನಮ್ಮ ಮನೆಯವನ್ನೂ ಇಳಿಸಿದರು. ಅವರ ಹೆಂಡತಿ ಚನ್ನಾಜಮ್ಮ ಮಿಕ್ಸಿ ಎತ್ತಿಟ್ಟು ಬೀಗ ಹಾಕಿದರು. "ಈ ಮನೇಲಿ ಒಂದು ಸ್ಕ್ರೂನೂ ನೆಮ್ಮದಿಯಾಗಿ ಕೂತ್ಕಳಂಗಿಲ್ಲ ಕಣ್ರಿ" ಎಂದು ನನ್ನ ಹತ್ತಿರ ಹೇಳಿಕೊಂಡರು.

ಹೀಗಿರುವಾಗ ಲೋಕಸಭೆ ಚುನಾವಣೆ ಮುಗಿದು, ಚುನಾವಣೆಗೆಂದು ಠೇವಣಿ ಇರಿಸಿಕೊಂಡಿದ್ದ ಕೋವಿ ವಾಪಸು ತೆಗೆದುಕೊಂಡು ಹೋಗಿ ಎಂದು ಠಾಣೆಯಿಂದ ಅವರಿಗೆ ಫೋನ್ ಬಂತು.

ಆ ಕೋವಿ ಅವರ ತಂದೆ ಸಿದ್ದಮಲ್ಲಪ್ಪನವರದು. ಹನೂರು ತಾಲ್ಲೂಕಿನ ಹೂಗ್ಯಂನಲ್ಲಿ, ಕಾಡಿಗೆ ಅಂಟಿಕೊಂಡಂತೆ ಅವರಿಗೆ ಆರು ಎಕರೆ ಹೊಲ. ಹಂದಿ ಬೆದರಿಸಲೆಂದು ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದ ಕೋವಿ. ಅದಕ್ಕೂ ಹಿಂದೆ ಅದು ಬೆಟ್ಟದ ಮೇಲಿನ ಕಾಫಿ ತೋಟದ ಬಿಳಿ ದೊರೆಯೊಬ್ಬನದಾಗಿತ್ತಂತೆ. ಅವನು ತನ್ನ ಸೀಮೆಗೆ ಹೊರಟಾಗ, ಗಾಡಿ ಎತ್ತು ಒದಗಿಸುತ್ತಿದ್ದ ಶಾಂತಮೂರ್ತಿಯವರ ತಾತನಿಗೆ ಕಾಗದ ಪತ್ರದ ಸಮೇತ ಕೊಟ್ಟು ಹೋದನಂತೆ. ಸಿದ್ದಮಲ್ಲಪ್ಪನವರು ತೀರಿಕೊಂಡ ಮೇಲೆ ಮಕ್ಕಳಿಬ್ಬರಲ್ಲಿ ಒಬ್ಬರು ಅದರ ಹೊಣೆ ಹೊರಬೇಕಾಯಿತು. ಹೊಲ ನೋಡಿಕೊಂಡಿರುವ ತಮ್ಮ ಕೆಂಪನಂಜಪ್ಪ, "ಆ ಪಾಪದ ಕಬ್ಬಿಣ ನಂಗೆ ಬ್ಯಾಡ ಕನಣ್ಣ. ನೀನೇ ತಕಂಡೋಗಿ ಸರ್ಕಾರಕ್ಕೆ ಒಪ್ಪಿಸ್ಬುಡು" ಎಂದುಬಿಟ್ಟ. ಒಪ್ಪಿಸುವ ಮನಸ್ಸಿನಲ್ಲೇ ಶಾಂತಮೂರ್ತಿ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು.

ಠಾಣೆಯಿಂದ ತಂದ ಆ ದಿನ ಮೇಜಿನ ಮೇಲೆ ಹಳೇ ಪಂಚೆ ಹಾಸಿ, ಅದರ ಮೇಲೆ ಮಲಗಿಸಿ ನೋಡಿದರು. ಹುಟ್ಟಿದಂದಿನಿಂದ ಕಂಡ ವಸ್ತು, ಆದರೆ ಯಂತ್ರವೆಂದು ನೋಡಿದ್ದು ಅವತ್ತೇ ಮೊದಲು. ಎಂಟು ಮೂಲೆಯ ನಳಿಗೆ. ಅದರ ಕೆಳಗೆ ಇನ್ನೊಂದು ಕೊಳವೆ, ತೋಟೆಗಳು ಒಂದರ ಹಿಂದೆ ಒಂದು ಮಲಗುವ ಜಾಗ. ಬಿಲ್ಲು, ಅಂದರೆ ಟ್ರಿಗರ್, ಎಳೆಯುವ ಕಡೆ ಬಳೆಯಂತೆ ಬಾಗಿದ ಒಂದು ಹಿಡಿ. ಆ ಹಿಡಿಯನ್ನು ಕೆಳಕ್ಕೆ ತಳ್ಳಿದರೆ ಸುಟ್ಟ ತೋಟೆ ಹೊರಕ್ಕೆ ಹಾರಬೇಕು, ಮೇಲಕ್ಕೆ ಎಳೆದರೆ ಹೊಸದು ಒಳಗೆ ಕೂರಬೇಕು. ನಳಿಗೆಯ ಮೇಲೆ ಸಾವಿರದ ಎಂಟುನೂರರ ಇಸವಿಗಳು ಕೊರೆದಿದ್ದವು. ಎಲ್ಲ ಕಡೆ ತುಕ್ಕು. ಹಿಂಬದಿಯ ಮರದಲ್ಲಿ ಉದ್ದಕ್ಕೆ ಒಂದು ಬಿರುಕು. ಹಿಡಿ ಬಾಗಿ, ಬಿಗಿದುಕೊಂಡು, ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಠಾಣೆಯ ರಸೀದಿಗಳಲ್ಲೆಲ್ಲ 'ಲಿವರ್ ಜಾಮ್, ಉಪಯೋಗಕ್ಕಿಲ್ಲ' ಎಂದೇ ಬರೆದಿತ್ತು.

"ಜಕಾರ್ಡಿನ ತಮ್ಮ ಇದು" ಎಂದರು ಶಾಂತಮೂರ್ತಿ.

"ಒಪ್ಪಿಸ್ತೀನಿ ಅಂದಿದ್ರಿ" ಎಂದರು ಚನ್ನಾಜಮ್ಮ.

"ಒಪ್ಪಿಸ್ತೀನಿ. ತುಕ್ಕು ತೆಗ್ದು ಒಪ್ಪಿಸ್ತೀನಿ. ಇಂಥ ಕೆಲ್ಸನ ಹಿಂಗೆ ಕೊಳಕಾಗಿ ಕೊಟ್ರೆ ಮಾಡಿದ್ ಕೈಗೆ ಅವಮಾನ."

ಚನ್ನಾಜಮ್ಮನಿಗೆ ಇಷ್ಟವಿರಲಿಲ್ಲ. ಆ ಮನೆಯಲ್ಲಿ ಯಾರಿಗೂ ಅದು ಇಷ್ಟವಿರಲಿಲ್ಲ. ಕಾರಣ ಹೇಳಬೇಕಾದರೆ ಎಪ್ಪತ್ತಾರನೆಯ ಇಸವಿಗೆ ಹೋಗಬೇಕು.

ಆ ವರ್ಷ ರಾಗಿ ಚೆನ್ನಾಗಿ ಬಂದಿತ್ತು. ಕಾರ್ತಿಕದ ಚಳಿ. ಬೆಳಗ್ಗೆ ಬಿಸಿಲು ಏರುವವರೆಗೂ ಹೊಲದ ಮೇಲೆ ಮಂಜು. ಸಿದ್ದಮಲ್ಲಪ್ಪ ಕೋವಿಗೆ ಒಂದು ತೋಟೆ ಹಾಕಿಕೊಂಡು ಅಟ್ಟಣೆಯ ಮೇಲೆ ಕೂತಿದ್ದರು. ಅವರ ಹತ್ತಿರ ಇದ್ದದ್ದೇ ಆ ಒಂದು. ಬೆಳಕು ಹರಿಯುವ ಹೊತ್ತಿಗೆ ಕಾಡಿನ ಕಡೆಯ ಬದುವಿನಲ್ಲಿ ರಾಗಿ ಸರಸರ ಅಂತು. ಏನೂ ಕಾಣಿಸಲಿಲ್ಲ. ಸದ್ದಿನ ಕಡೆಗೆ ಗುರಿಯಿಟ್ಟು ಬಿಲ್ಲು ಎಳೆದರು. ಢಂ ಎಂದಿತು. ಅದರ ಬೆನ್ನಿಗೇ ಮನುಷ್ಯನ ಕೂಗು.

ಗಾಬರಿಯಲ್ಲಿ ಅವರು ಅಟ್ಟಣೆಯಿಂದ ಜಾರಿ ಬಿದ್ದರು. ಕೋವಿ ಅವರ ಕೈಬಿಟ್ಟು ಕೆಳಗಿನ ಬಂಡೆಗೆ ಬಡಿಯಿತು. ಎದ್ದು ಓಡಿ ನೋಡಿದರೆ, ಬದುವಿನ ಪಕ್ಕದಲ್ಲಿ ಸೋಲಿಗರ ಕೇತಯ್ಯ ಕಾಲು ಹಿಡಿದುಕೊಂಡು ಬಿದ್ದಿದ್ದ. ಹತ್ತಿರದ ಪೋಡಿನ, ಅಂದರೆ ಸೋಲಿಗರ ಹಾಡಿಯ ಹುಡುಗ, ಆಗಿನ್ನೂ ಇಪ್ಪತ್ತೈದರ ಒಳಗು. ನೆಲ್ಲಿಕಾಯಿಗೆಂದು ಹೊರಟವನು. ಎಡಗಾಲಿನ ಮೀನಖಂಡ ಕಿತ್ತುಹೋಗಿತ್ತು.

ಹನ್ನೆರಡು ವರ್ಷದ ಶಾಂತಮೂರ್ತಿ ಅಂದು ನೋಡಿದ್ದು ಇಷ್ಟು: ಅಪ್ಪ ಎತ್ತು ಹೂಡಿದ ಗಾಡಿಯಲ್ಲಿ ಕೇತಯ್ಯನನ್ನು ಮಲಗಿಸಿಕೊಂಡು ಹನೂರಿನ ಕಡೆ ಹೊರಟದ್ದು. ಅಪ್ಪನ ಪಂಚೆ ಪೂರ್ತಿ ರಕ್ತ. ಗಾಡಿಯಲ್ಲಿ ಮಲಗಿದ್ದ ಕೇತಯ್ಯ ಅಳುತ್ತಿರಲಿಲ್ಲ, ಅಪ್ಪ ಅಳುತ್ತಿದ್ದರು.

ಕೇತಯ್ಯ ಬದುಕಿದ. ಆದರೆ ಕಾಲು ಎಳೆದುಕೊಂಡೇ ನಡೆದ. ಪೊಲೀಸರಿಗೆ ಯಾರೂ ಹೇಳಲಿಲ್ಲ. ಕೇತಯ್ಯ, "ನಿಮ್ದಲ್ಲ ಬುದ್ದಿ, ನಿಮ್ ಗುಂಡಲ್ಲ" ಎಂದ. ಸಿದ್ದಮಲ್ಲಪ್ಪ ಅದನ್ನು ನಂಬಲಿಲ್ಲ. "ನಾನು ಒಡೆದೆ, ಅವನು ಬಿದ್ದ. ಪಾಪ, ನನ್ನ ಮರ್ವಾದೆ ಉಳಿಸಾಕೆ ಅಂಗಂತನೆ" ಎಂದರು. ಅಂದಿನಿಂದ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಒಳಕೋಣೆಯ ಮೂಲೆಯಲ್ಲಿ ನಿಲ್ಲಿಸಿದರು. ಬಂಡೆಗೆ ಬಿದ್ದು ಬಾಗಿದ ಹಿಡಿಯನ್ನು ಬಿಡಿಸುವ ಪ್ರಯತ್ನವನ್ನೂ ಮಾಡಲಿಲ್ಲ. ಎಲ್ಲಾದರೂ ಬಿಸಾಡೋಣವೆಂದರೆ ಕಾನೂನು. ಒಪ್ಪಿಸೋಣವೆಂದರೆ, ಯಾಕೆ ಏನು ಎಂದು ಕೇಳಿದರೆ ಬಾಯಿ ಬಿಡಬೇಕಾದೀತು ಎಂಬ ಭಯ. ಪ್ರತಿ ವರ್ಷ ಸುಗ್ಗಿಯಲ್ಲಿ ಕಣದ ಮೊದಲ ಮೂಟೆ ರಾಗಿ ಪೋಡಿಗೆ ಹೋಗುತ್ತಿತ್ತು. ಅವರು ತೀರಿಕೊಳ್ಳುವವರೆಗೂ, ನಲವತ್ತಮೂರು ವರ್ಷ. ಮನೆಯಲ್ಲಿ ಯಾರೂ ಆ ಬೆಳಗಿನ ಸುದ್ದಿ ಎತ್ತುತ್ತಿರಲಿಲ್ಲ. ಕೇತಯ್ಯ ದಾರಿಯಲ್ಲಿ ಎದುರಾದರೆ ಮಕ್ಕಳೂ ತಲೆ ತಗ್ಗಿಸಿ ಹೋಗುತ್ತಿದ್ದರು.

ಇಂಥ ಕೋವಿಗೆ ಶಾಂತಮೂರ್ತಿ ಎಣ್ಣೆ ಹಚ್ಚಲು ಕೂತರು. ಮೊದಲು ಮರದಿಂದ ಶುರುಮಾಡಿದರು. ಹಳೇ ಮೆರುಗನ್ನು ಕೆರೆದು ತೆಗೆದು, ಬಿರುಕಿಗೆ ಅಂಟು ತುಂಬಿ, ರೇಷ್ಮೆ ಹುರಿಯಿಂದ ಬಿಗಿದು ಕಟ್ಟಿ ನಾಲ್ಕು ದಿನ ಬಿಟ್ಟರು. ಅಗಸೆ ಎಣ್ಣೆಯನ್ನು ಅಂಗೈಯಲ್ಲೇ ತಿಕ್ಕಿದರು. ಹದಿನೈದು ದಿನದಲ್ಲಿ ಆ ಕಪ್ಪು ಮರ ಒಳಗಿನಿಂದ ಜೇನಿನ ಬಣ್ಣ ತೋರಿಸಿತು. ಆಮೇಲೆ ನಳಿಗೆಯ ಹೊರಮೈ. ಸೀಮೆಎಣ್ಣೆ, ಹಿತ್ತಾಳೆ ಬ್ರಷ್ಷು, ಹಳೇ ಬನಿಯನ್ನು. ಸಂಜೆ ನಾನು ಹೋದರೆ ಬೆರಳುಗಳೆಲ್ಲ ಕಂದು ಬಣ್ಣ. "ಬನ್ನಿ ಮೇಷ್ಟ್ರೆ, ಈ ಸ್ಕ್ರೂ ನೋಡಿ. ಇದರ ತಲೆ ಮೇಲಿನ ಗೆರೆ ಕೂದಲಿನಷ್ಟು ಸಣ್ಣ. ನೂರು ವರ್ಷದ ಮೇಲೂ ಬಿಚ್ಚೋಕೆ ಬತ್ತದೆ" ಎನ್ನುತ್ತಿದ್ದರು. ಮದುವೆ ಮನೆಯ ಕಳೆ ಬಂದಿತ್ತು ಅವರ ಮುಖಕ್ಕೆ.

ಉಳಿದದ್ದು ಹಿಡಿ. ಅದನ್ನು ಬಿಡಿಸುವುದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ, ತಾವು ಕೈ ಹಾಕುವಂತಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಯಾರನ್ನೋ ವಿಚಾರಿಸಿ, ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುವ ಬಸವೇಶ ಎಂಬುವರ ನಂಬರು ಹಿಡಿದರು. ಎಪ್ಪತ್ತರ ಹತ್ತಿರದ ಮನುಷ್ಯ. ಶಾಂತಮೂರ್ತಿ ಉತ್ಸಾಹದಿಂದ ಎಲ್ಲ ವಿವರಿಸಿದರು. ಬಸವೇಶರು ಕೊನೆಯವರೆಗೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಒಳಗೆ ತೋಟೆ ಇಲ್ಲ ಅಂತ ನಿಮ್ಗೆ ಹೆಂಗೆ ಗೊತ್ತು?"

"ಐವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಸಾ."

"ನಾನು ಕೇಳಿದ್ದು ಅದಲ್ಲ."

ಬಸವೇಶರು ನಿಧಾನವಾಗಿ ಹೇಳಿದರು. ಕೋವಿಯ ಬಾಯಿಯನ್ನು ಮಣ್ಣಿನ ಗೋಡೆಯ ಕಡೆ ಇರಿಸಬೇಕು, ಎದುರಿಗೆ ಹೋಗಕೂಡದು, ಪಕ್ಕದಲ್ಲಿ ನಿಂತು ಒಂದು ಬಿದಿರಿನ ಕಡ್ಡಿಯನ್ನು ಮೆಲ್ಲಗೆ ನಳಿಗೆಗೆ ಇಳಿಸಬೇಕು. ತಳ ಮುಟ್ಟಿದ ಮೇಲೆ ಕಡ್ಡಿಗೆ ಗುರುತು ಮಾಡಿ, ಹೊರಗೆ ತೆಗೆದು, ನಳಿಗೆಯ ಹೊರಗಿನ ಉದ್ದಕ್ಕೆ ಹಿಡಿದು ನೋಡಬೇಕು. ಎರಡೂ ಸರಿಹೋದರೆ ಒಳಗೆ ಖಾಲಿ.

ಸರಿಹೋಗಲಿಲ್ಲ. ಕಡ್ಡಿ ಮೂರು ಬೆರಳಿನಷ್ಟು ಮೊದಲೇ ನಿಂತಿತ್ತು.

ಮತ್ತೊಮ್ಮೆ ನೋಡಿದರು. ಅದೇ ಮೂರು ಬೆರಳು. ಫೋನು ಕಿವಿಗೆ ಹಿಡಿದು, "ಸಾ, ಏನೋ ಅದೆ" ಎಂದರು.

"ಕೈ ತೆಗೀರಿ ಮೊದ್ಲು. ಎಲ್ಲಿದ್ಯೋ ಅಲ್ಲೇ ಬಿಡಿ. ಗಾಡೀಲಿ ಹಾಕಂಡು ಮೈಸೂರಿಗೆ ತರೋ ಕೆಲ್ಸ ಮಾಡ್ಬೇಡಿ. ನಾಳೆ ಮೊದಲನೇ ಬಸ್ಸಿಗೆ ನಾನೇ ಬರ್ತೀನಿ."

ಶಾಂತಮೂರ್ತಿ ಹಿತ್ತಲಿನ ಕೋಣೆಗೆ ಬೀಗ ಹಾಕಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಅವರ ಕಣ್ಣ ಮುಂದೆ ಬಂದದ್ದು ಹೂಗ್ಯಂನ ಒಳಕೋಣೆ. ಆ ಮೂಲೆಯಲ್ಲಿ ಅವರು, ತಮ್ಮ, ಆಮೇಲೆ ಅವರ ಮಗಳು ಸೌಮ್ಯ, ಎಲ್ಲರೂ ಕಣ್ಣುಮುಚ್ಚಾಲೆ ಆಡಿದ್ದರು. ಸೌಮ್ಯ ಐದು ವರ್ಷದವಳಿದ್ದಾಗ ಆ ಗೋಣಿಯನ್ನು ತಬ್ಬಿಕೊಂಡು ಬಚ್ಚಿಟ್ಟುಕೊಂಡಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ತುಂಬಿದ ಕೋವಿಯನ್ನು ಮಗು ತಬ್ಬಿಕೊಂಡಿತ್ತು. ಇಷ್ಟು ದಿನ ತಾವೇ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ್ದರು. ಎದುರಿಗೆ ಕೂತು ಚನ್ನಾಜಮ್ಮ ಬೆಳ್ಳುಳ್ಳಿ ಸುಲಿದಿದ್ದರು.

ಸುಳ್ಳು ಹೇಳಿ ಹೆಂಡತಿಯನ್ನು ಯಳಂದೂರಿನ ಬಸ್ಸು ಹತ್ತಿಸಿದರು. ಸೌಮ್ಯಳನ್ನು ಕೊಟ್ಟಿರುವುದು ಅಲ್ಲಿಗೆ. ಮೊಮ್ಮಗಳಿಗೆ ಕೆಮ್ಮಂತೆ, ಹೋಗಿ ನೋಡಿಕೊಂಡು ಬಾ ಎಂದರು. ಚನ್ನಾಜಮ್ಮ ಅಲ್ಲಿ ಇಳಿದರೆ ಮೊಮ್ಮಗಳು ಕುಂಟೆಬಿಲ್ಲೆ ಆಡುತ್ತಿದ್ದಳು.

ಬಸವೇಶರು ಹೇಳಿದಂತೆ ಬಂದರು. ಹೆಗಲಲ್ಲಿ ಒಂದು ಕ್ಯಾನ್ವಾಸು ಚೀಲ, ಮೂಗಿನ ತುದಿಯಲ್ಲಿ ಕನ್ನಡಕ. ಮಾತು ಕಡಿಮೆ. ಹಿತ್ತಲಲ್ಲಿ ಮನೆ ಕಟ್ಟಿಸಿದಾಗ ಉಳಿದ ಮರಳು ಗುಡ್ಡೆಯಾಗಿ ಬಿದ್ದಿತ್ತು. ಕೋವಿಯ ಬಾಯಿಯನ್ನು ಅದರ ಕಡೆ ತಿರುಗಿಸಿ, ಎರಡು ಮರಳು ಮೂಟೆಗಳ ಮಧ್ಯೆ ಬಿಗಿದು ಕೂರಿಸಿದರು. ನನ್ನನ್ನು ನಮ್ಮ ಮನೆಗೆ ಅಟ್ಟಿದರು. ಶಾಂತಮೂರ್ತಿಯವರನ್ನು ಬಾಗಿಲಾಚೆ ನಿಲ್ಲಿಸಿದರು. ಎರಡು ಗಂಟೆ ಕಾಲ ಹಿತ್ತಲಿನಿಂದ ಆಗಾಗ ಸಣ್ಣ ಟಿಕ್ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಅಷ್ಟು ಹೊತ್ತೂ ಶಾಂತಮೂರ್ತಿ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದರಂತೆ.

ಕೊನೆಗೆ ಕರಕ್ ಎಂದು ಹಿಡಿ ಬಿಟ್ಟುಕೊಂಡಿತು.

"ಬನ್ನಿ" ಎಂದರು ಬಸವೇಶರು. ಅವರ ಅಂಗೈಯಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣದೊಂದು ಹಿತ್ತಾಳೆಯ ತೋಟೆ. ಹಸಿರು ಕಿಲುಬು ಹಿಡಿದಿತ್ತು. ತುದಿಯಲ್ಲಿ ಬೂದು ಬಣ್ಣದ ಸೀಸದ ಗುಂಡು ಹಾಗೇ ಕೂತಿತ್ತು.

ಶಾಂತಮೂರ್ತಿ ನೆಲದ ಮೇಲೆ ಕೂತುಬಿಟ್ಟರು. "ಹೋಯ್ತಲ್ಲ ಸಾ, ಗಂಡಾಂತರ ಹೋಯ್ತಲ್ಲ" ಎಂದರು. ನೀರು ಕುಡಿದರು. ಬಸವೇಶರಿಗೂ ಕೊಟ್ಟರು. ಯಳಂದೂರಿಗೆ ಫೋನು ಮಾಡಿ, ಸುಳ್ಳು ಹೇಳಿದ್ದಕ್ಕೆ ಸಿಕ್ಕ ಬೈಗುಳವನ್ನೆಲ್ಲ ನಗುನಗುತ್ತ ಕೇಳಿಸಿಕೊಂಡರು.

ಫೋನಿಟ್ಟು ಬಂದಾಗ ಬಸವೇಶರು ತೋಟೆಯ ತಳವನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದರು.

"ನಿಮ್ ತಂದೆ ಇದನ್ನ ಯಾವಾಗ ಹೊಡೆದ್ರು?"

"ಎಪ್ಪತ್ತಾರರಲ್ಲಿ. ಒಂದೇ ಸಲ."

"ಇದನ್ನ ಹೊಡೆದಿಲ್ಲ ಅವ್ರು."

"ಇದಲ್ಲ ಸಾ, ಅವತ್ತು ಒಡೆದ ತೋಟೆ ಬೇರೆ ಇರ್ಬೇಕು."

"ಬೇರೆ ಹೆಂಗಿರುತ್ತೆ? ಇಲ್ಲಿ ನೋಡಿ." ಬಸವೇಶರು ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟರು. ತೋಟೆಯ ತಳದಲ್ಲಿ, ನಟ್ಟನಡುವೆ, ಸೂಜಿಯಿಂದ ಚುಚ್ಚಿದಂಥ ಒಂದು ಸಣ್ಣ ಗುರುತು. "ಬಿಲ್ಲು ಎಳೆದ್ರೆ ಒಳಗಿನ ಮೊಳೆ ಬಂದು ಇಲ್ಲಿ ಬಡೀಬೇಕು. ಬಡಿದಿದೆ. ಆದ್ರೆ ಮೊಳೆಯ ಮೂತಿ ಮುರಿದಿದೆ, ಪೆಟ್ಟು ಸಾಲಿಲ್ಲ. ತೋಟೆ ಸಿಡೀಲಿಲ್ಲ. ಸಿಡಿದಿದ್ರೆ ಒಳಗೆ ಖಾಲಿ ಹಿತ್ತಾಳೆ ಇರ್ತಿತ್ತು, ಗುಂಡು ಇರ್ತಿರಲಿಲ್ಲ. ಆಮೇಲೆ ಬಿದ್ದು ಹಿಡಿ ಬಾಗಿದೆ. ಬಾಗಿದ್ಮೇಲೆ ಹೊಸ ತೋಟೆ ಹಾಕೋಕೆ ಸಾಧ್ಯವೇ ಇಲ್ಲ. ಬಿಲ್ಲು ಎಳೆದದ್ದು ನಿಜ. ಗುಂಡು ಹಾರಿಲ್ಲ."

ಶಾಂತಮೂರ್ತಿ ಭೂತಗನ್ನಡಿ ಹಿಡಿದು ನೋಡಿದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಅಪ್ಪನ ಹತ್ತಿರ ಇದ್ದದ್ದೇ ಒಂದು ತೋಟೆ. ಅದು ಇಲ್ಲಿದೆ.

"ಢಂ ಅಂತಲ್ಲ ಸಾ. ಅಪ್ಪ ಕೇಳ್ಸಿಕೊಂಡ್ರಲ್ಲ."

"ಕೇಳಿರ್ಬೋದು. ಇನ್ಯಾರದೋ."

ಅಂದು ಸಂಜೆ ಬಸವೇಶರನ್ನು ಬಸ್ಸು ಹತ್ತಿಸಿ ಬಂದು ಅವರು ನಮ್ಮ ಜಗಲಿಯ ಮೇಲೆ ಕೂತರು. ಎಲ್ಲವನ್ನೂ ಹೇಳಿದರು. ಆ ಎಪ್ಪತ್ತಾರರ ಸಂಗತಿಯನ್ನು ನಾನು ಕೇಳಿದ್ದು ಅಂದೇ ಮೊದಲು. ಇಪ್ಪತ್ತು ವರ್ಷ ಎದುರು ಮನೆಯಲ್ಲಿದ್ದರೂ ಒಂದು ಮಾತು ಆಡಿರಲಿಲ್ಲ. ಹೇಳುತ್ತ ಹೇಳುತ್ತ ಅವರ ದನಿ ಹಗುರವಾಗಿ, ಮತ್ತೆ ಭಾರವಾಯಿತು. "ಅಪ್ಪ ಇದ್ದಿದ್ರೆ ಮೇಷ್ಟ್ರೆ. ಆರು ವರ್ಷ ಮೊದ್ಲು ಇದನ್ನ ಬಿಚ್ಚಿದ್ದಿದ್ರೆ" ಎಂದರು.

ತೋಟೆಯ ಫೋಟೋ ತೆಗೆದುಕೊಂಡು, ಅದನ್ನು ಠಾಣೆಗೆ ಒಪ್ಪಿಸಿ, ಮಾರನೆಯ ವಾರ ಅವರು ಹೂಗ್ಯಂಗೆ ಹೊರಟರು. ಹನೂರು, ರಾಮಾಪುರ ದಾಟಿ ಊರು ತಲುಪುವಷ್ಟರಲ್ಲಿ ಮಧ್ಯಾಹ್ನ. ಕೆಂಪನಂಜಪ್ಪ ಹೊಲದಲ್ಲಿದ್ದ. ಫೋಟೋ ನೋಡಿದ. ಅಣ್ಣ ಹೇಳಿದ್ದನ್ನೆಲ್ಲ ಕೇಳಿದ. ಎರಡು ಸಲ "ನಿಜ್ವಾ?" ಎಂದ. ಆಮೇಲೆ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಬದುವಿನ ಮೇಲೆ ಕೂತ. ಐವತ್ತೆಂಟು ವರ್ಷದ ಗಂಡಸು, ಭುಜ ಕುಲುಕಿಸಿ ಅತ್ತ. ಅತ್ತು ಮುಗಿಸಿ ಎದ್ದು, "ನಡಿ ಅಣ್ಣ. ಕೇತಯ್ಯಂತಕ್ಕೆ ಓಗಾನ" ಎಂದ.

ಪೋಡು ಅಲ್ಲಿಂದ ಎರಡು ಮೈಲಿ. ಕೇತಯ್ಯ ಈಗ ಎಪ್ಪತ್ತೆರಡರ ಮುದುಕ. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ಇದ್ದು ನಿವೃತ್ತನಾದವನು. ಮನೆಯ ಮುಂದೆ ಹುಣಸೆಮರದ ಕೆಳಗೆ ಕೂತು ಬಿದಿರು ಸೀಳುತ್ತಿದ್ದ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಬರುವುದನ್ನು ಕಂಡು ಅವನ ಹೆಂಡತಿ ಬೆಳ್ಳಮ್ಮ ಗಾಬರಿಯಾಗಿ ಚಾಪೆ ತಂದು ಹಾಸಿದಳು. ಆ ಮನೆಯವರು ಮೂಟೆ ಇಳಿಸಲು ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಅಲ್ಲಿ ಬಂದವರಲ್ಲ, ಕೂತವರಂತೂ ಅಲ್ಲವೇ ಅಲ್ಲ.

ಶಾಂತಮೂರ್ತಿ ಚಾಪೆಯ ಮೇಲೆ ಕೂತು, ಫೋಟೋ ತೋರಿಸಿ, ಮೊಳೆ, ಪೆಟ್ಟು, ತೋಟೆ ಎಲ್ಲ ವಿವರಿಸಲು ಶುರುಮಾಡಿದರು. ಕೇತಯ್ಯ ಅರ್ಧಕ್ಕೇ ಕೈ ಅಡ್ಡ ಹಿಡಿದ.

"ನಾ ಅವತ್ತೇ ಏಳ್ನಿಲ್ವ, ನಿಮ್ ಗುಂಡಲ್ಲ ಅಂತ?"

ಶಾಂತಮೂರ್ತಿ ಫೋಟೋ ಹಿಡಿದ ಕೈ ಇಳಿಸಿದರು.

"ನಾ ಬದಿನ್ ಮೇಲ್ ನಿಂತಿದ್ದೆ. ಬಲಗಡೆ ಲಂಟಾನ ಪೊದೆಯಿಂದ ಬೆಂಕಿ ಬಂತು. ಬಿಳೀ ಒಗೆ ಎದ್ದುದ್ದ ಈ ಕಣ್ಣಲ್ಲಿ ನೋಡಿವ್ನಿ. ಯಾರೋ ಆಚೆ ಸೀಮೆಯೋರು, ಹಂದಿಗೆ ಅಂತ ನಾಡಕೋವಿ ತಕಂಡ್ ಬಂದಿದ್ರು. ನಾ ಕೂಗ್ದಾಗ ತಮಿಳಲ್ಲಿ ಏನೋ ಅನ್ಕಂಡು ಓಡೋದ್ರು. ನಿಮ್ಮಪ್ಪ ಇದ್ದದ್ದು ಎದುರ್ಗಡೆ. ಎದುರ್ಗಡೆಯಿಂದ ಏನೂ ಬರ್ನಿಲ್ಲ."

"ಅಪ್ಪನ್ಗೆ ಇದ ಏಳಿದ್ಯಾ?"

"ಗಾಡೀಲೇ ಏಳ್ದೆ. ಆಸ್ಪತ್ರೇಲಿ ಏಳ್ದೆ. ಮೊದಲ್ನೇ ಮೂಟೆ ಇಳಿಸ್ದಾಗ ಏಳ್ದೆ. 'ಕೇತ, ನೀನು ದೊಡ್ಡೋನು, ಅದ್ಕೆ ಅಂಗಂತೀಯ' ಅಂದ್ಬುಟ್ಟು ಅಳೋರು. ಆಮ್ಯಾಲಿಂದ ನಾ ಏಳೋದ ಬುಟ್ಟೆ. ಮೂಟೆ ಬ್ಯಾಡಿ ಅಂದ್ರೂ ಅಳೋರು. ಅದ್ಕೆ ತಕಂಡೆ."

ಬೆಳ್ಳಮ್ಮ ಬಾಗಿಲಿನಿಂದ, "ನಾವು ಉಂಡ್ಕಂಡು ತಪ್ಪು ಮಾಡ್ದೋ ಅಂತ ನಂಗೂ ಒಂದು ಅಳುಕು ಇತ್ತು ಕಣ್ಬುದ್ದಿ" ಎಂದಳು.

ಕೇತಯ್ಯ ಪಂಚೆ ಮೇಲೆತ್ತಿ ಎಡಗಾಲು ಚಾಚಿದ. "ಇಲ್ಲಿ ಬೆರಳಾಕಿ" ಎಂದ. ಶಾಂತಮೂರ್ತಿ ಹಿಂಜರಿದರು. "ಆಕಿ, ಏನಾಗಲ್ಲ." ಹಾಕಿದರು. ಮೀನಖಂಡದ ಗುಳಿಬಿದ್ದ ಗಾಯದ ಪಕ್ಕದಲ್ಲಿ, ಚರ್ಮದ ಕೆಳಗೆ, ಜೋಳದ ಕಾಳಿನಂಥದ್ದು ಬೆರಳಿಗೆ ಸಿಕ್ಕಿತು. ಒತ್ತಿದರೆ ಆಚೆ ಸರಿಯಿತು. ಇನ್ನೊಂದು ಸ್ವಲ್ಪ ಮೇಲೆ. ಮೂರನೆಯದು ಮೂಳೆಯ ಹತ್ತಿರ.

"ಚರೆ" ಎಂದ ಕೇತಯ್ಯ. "ನಾಡಕೋವೀಗೆ ಆಕೋ ಸೀಸದ ಚೂರು. ನಿಮ್ ಕೋವೀದು ಇಷ್ಟಪ್ಪ ಒಂದೇ ಗುಂಡು. ಅದು ಬಡ್ದಿದ್ರೆ ಕಾಲು ಉಳೀತಿತ್ತಾ? ಯಾರಾದ್ರೂ ಬಂದು ಬೆರಳಾಕಿ ನೋಡಿದ್ರೆ ಗೊತ್ತಾಗೋದು. ಯಾರೂ ನೋಡ್ನಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು ಎಂದು ಶಾಂತಮೂರ್ತಿ ಆಮೇಲೆ ನನ್ನ ಹತ್ತಿರ ಹೇಳಿದರು. ಅರ್ಧ ಶತಮಾನ ಒಬ್ಬ ಮನುಷ್ಯ ತಾನು ಕಣ್ಣಾರೆ ಕಂಡದ್ದನ್ನು ಹೇಳುತ್ತ ಬಂದಿದ್ದ. ಅವನು ಹೇಳುವುದು ಒಳ್ಳೆಯತನದಿಂದ ಎಂದುಕೊಂಡರು, ಭಯದಿಂದ ಎಂದುಕೊಂಡರು, ನಿಜ ಇರಬಹುದು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಕಿಲುಬು ಹಿಡಿದ ಹಿತ್ತಾಳೆ ಹೇಳಿದ ಮೇಲೆ ನಂಬಿ ಓಡಿ ಬಂದಿದ್ದರು.

"ತಪ್ಪಾಯ್ತು ಕೇತಯ್ಯ" ಎಂದರು. "ನಿನ್ ಮಾತ ನಾವು ಕೇಳ್ನಿಲ್ಲ."

ಕೇತಯ್ಯ ಬಿದಿರಿನ ಸೀಳೊಂದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಿರುವಿದ. ಆಮೇಲೆ ಕೇಳಿದ, "ಅಲ್ಲ, ನಿಮ್ಮಪ್ಪ ಎಳೆದದ್ದು ನನ್ ಕಡೀಗೇ ಅಲ್ವಾ?"

"ಹೂಂ. ಸದ್ದು ಬಂದ ಕಡೆಗೆ."

"ಆ ಮೊಳೆ ನೆಟ್ಟಗಿದ್ದಿದ್ರೆ?"

ಉತ್ತರವನ್ನೂ ಕೇತಯ್ಯನೇ ಕೊಟ್ಟ. "ನಾ ಅವತ್ತೇ ಒಂಟೋಗ್ತಿದ್ದೆ. ಬೆಳ್ಳಿ ಇನ್ಯಾರ್ನಾರ ಮದ್ವೆ ಆಗಿರೋಳು." ಹೇಳಿ, ಬಾಯಿ ತುಂಬ ನಕ್ಕ. ಬೆಳ್ಳಮ್ಮ, "ಆಗಿದ್ರೆ ಎರಡೂ ಕಾಲು ನೆಟ್ಟಗಿರೋನ್ನೇ ಆಯ್ತಿದ್ದೆ" ಎಂದು ಒಳಗಿನಿಂದಲೇ ಹೇಳಿದಳು. ಆಗ ಕೆಂಪನಂಜಪ್ಪನಿಗೂ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ನಾಲ್ಕು ಜನವೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದ ಮನೆಯವರು ಏನಾಯಿತೆಂದು ಹೊರಗೆ ಬಂದು ನೋಡಿದರು.

ಬೆಳ್ಳಮ್ಮ ಕರಿಟೀ ತಂದಳು, ಜೇನು ಹಾಕಿದ್ದು. ಶಾಂತಮೂರ್ತಿ ಕುಡಿದರು. ಕೆಂಪನಂಜಪ್ಪ ಇನ್ನೊಂದು ಲೋಟ ಕೇಳಿ ಕುಡಿದ. ಹೊರಡುವಾಗ ಕೇತಯ್ಯ ಹುಣಸೆಮರದವರೆಗೂ ಕಾಲೆಳೆದುಕೊಂಡು ಬಂದ.

"ಕೋವಿ ಈಗ ಎಂಗದೆ?"

"ಚೆನ್ನಾಗಾಗದೆ. ಮರ ಒಳ್ಳೆ ಬಣ್ಣ ಬಂದದೆ."

"ನಂಗೊಂದ್ಸಲ ತೋರ್ಸಿ. ನನ್ನ ಒಡೀದೆ ಬುಟ್ಟ ಕೋವಿ ಅದು."

ಬಸವೇಶರು ಹಿಡಿಯನ್ನು ಮೈಸೂರಿನಲ್ಲಿ ನೆಟ್ಟಗೆ ಮಾಡಿಕೊಟ್ಟರು. ಮುರಿದ ಮೊಳೆಯನ್ನು ಬದಲಿಸಲೇ ಎಂದು ಕೇಳಿದ್ದಕ್ಕೆ ಶಾಂತಮೂರ್ತಿ ಬೇಡ ಎಂದರು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊಸದರಂತಾಯಿತು. ಹಿಡಿ ತಳ್ಳಿದರೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ, ಎಳೆದರೆ ಕ್ಲಕ್ ಎಂದು ಕೂರುತ್ತದೆ. ಶಾಂತಮೂರ್ತಿ ನನಗೂ ಒಮ್ಮೆ ತಮ್ಮ ಎದುರಿಗೇ ತಳ್ಳಿ ನೋಡಲು ಕೊಟ್ಟರು. ಅಂಥ ಕೆಲಸಗಾರಿಕೆ ಈಗ ಸಿಗುವುದಿಲ್ಲ ಎಂದು ಮೂರು ಸಲ ಹೇಳಿದರು. ಸರ್ಕಾರಕ್ಕೆ ಒಪ್ಪಿಸುವ ಮಾತು ಮಾತ್ರ ನಿಂತಿತು. ಚನ್ನಾಜಮ್ಮನೇ ನಿಲ್ಲಿಸಿದರು. "ಅಷ್ಟು ತಿಕ್ಕಿ ತಿಕ್ಕಿ ಇಟ್ಟವ್ರೆ, ಇರ್ಲಿ ಬುಡಿ. ಆದ್ರೆ ಬೀಗದ ಕೈ ನನ್ ಸೊಂಟದಲ್ಲಿ" ಎಂದರು.

ಮಾಘದಲ್ಲಿ ಕಾಗದ ಪತ್ರ ಎಲ್ಲ ಜೊತೆಗಿಟ್ಟುಕೊಂಡು ಶಾಂತಮೂರ್ತಿ ಕೋವಿಯನ್ನು ಹೂಗ್ಯಂಗೆ ಒಯ್ದರು. ಈ ಸಲ ಕೇತಯ್ಯ, ಬೆಳ್ಳಮ್ಮ ಇಬ್ಬರೂ ಕೆಂಪನಂಜಪ್ಪನ ಮನೆಗೆ ಊಟಕ್ಕೆ ಬಂದಿದ್ದರು. ನಡುಮನೆಯಲ್ಲಿ, ಎಲ್ಲರ ಸಾಲಿನಲ್ಲೇ ಎಲೆ ಹಾಕಿದರು. ಆ ಮನೆಯಲ್ಲಿ ಅಂಥದ್ದು ಅದೇ ಮೊದಲು. ಕೆಂಪನಂಜಪ್ಪನ ಹೆಂಡತಿ ಅನುಮಾನಿಸುತ್ತ ನಿಂತಿದ್ದವಳು, ಗಂಡ ತಾನೇ ನೀರಿನ ಚೊಂಬು ಹಿಡಿದು ಬರುವುದನ್ನು ಕಂಡು ಬೇಗ ಬೇಗ ಬಡಿಸತೊಡಗಿದಳು. ಬಿಸಿ ಮುದ್ದೆ, ಹಿತಕಿದ ಅವರೆ ಸಾರು.

ಉಂಡು ಕೈತೊಳೆದು ಕೇತಯ್ಯ ಕೋವಿಯನ್ನು ನೋಡಿದ. ಮರದ ಮೇಲೆ ಅಂಗೈ ಆಡಿಸಿದ. ಆಮೇಲೆ, "ಒಳ್ಳೆ ಮರ. ಯಾವ ಸೀಮೇದೋ ಕಾಣೆ, ನಮ್ ಕಾಡ್ನಲ್ಲಿ ಇಲ್ಲ" ಎಂದ. ಶಾಂತಮೂರ್ತಿ ಆ ಮರದ ಹೆಸರು ಹೇಳಿದರು. ಅದು ಎಂಥ ಚಳಿ ಸೀಮೆಯಲ್ಲಿ ಬೆಳೆಯುತ್ತದೆ, ಎಷ್ಟು ಎತ್ತರ, ಎಲೆ ಹೇಗೆ ಎಂದು ಕೇತಯ್ಯ ಕೇಳುತ್ತ ಹೋದ. ಗೊತ್ತಿದ್ದಷ್ಟು ಅವರು ಹೇಳಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಮಾತು ಅಲ್ಲಿಂದ ತಾರೆ ಮರಕ್ಕೆ, ತಾರೆಯಿಂದ ಈ ಸಲದ ನೆಲ್ಲಿ ಫಸಲಿಗೆ, ಅಲ್ಲಿಂದ ಆನೆ ಕಂದಕ ಕುಸಿದಿರುವ ಜಾಗಕ್ಕೆ ಹೋಯಿತು.

ಕೊಳ್ಳೇಗಾಲದ ಕೊನೆಯ ಬಸ್ಸು ಹೊರಗೆ ಹಾರನ್ ಹೊಡೆದದ್ದು ಎಲ್ಲರಿಗೂ ಕೇಳಿಸಿತು. ಕೆಂಪನಂಜಪ್ಪ ಅಣ್ಣನ ಮುಖ ನೋಡಿದ. ಶಾಂತಮೂರ್ತಿ ಏಳಲಿಲ್ಲ. ಕಂದಕ ಯಾವ ಕಡೆ ಕುಸಿದಿದೆ ಎಂದು ಕೇತಯ್ಯನನ್ನು ಕೇಳುತ್ತಿದ್ದರು.